ರಿಸೀವರ್ ಆಗುವವರು ‘ನಿರಾಸಕ್ತ’ರಾಗಿರಬೇಕೇ?

ಗೆಳೆಯರೇ,

ಆಸ್ತಿ ವ್ಯಾಜ್ಯದಲ್ಲಿ ಸಿಕ್ಕಿಕೊಂಡವರಿಗಾಗಿ ಬರೆದ ಒಂದು ಚಿಕ್ಕ ಕೈಪಿಡಿಯ ಕನ್ನಡ ತಿದ್ದುತ್ತಿದ್ದೇನೆ. ದಾವೆ ನಡೆಯುವಾಗ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವ ರಿಸೀವರ್ ಯಾರಾಗಬಹುದು ಎನ್ನುವ ಕಡೆ ಈ ಸಾಲಿದೆ: ‘ರಿಸೀವರನು ವ್ಯಾಜ್ಯದಲ್ಲಿ ನಿರಾಸಕ್ತನಾಗಿರತಕ್ಕದ್ದು.’ ಇಂಗ್ಲಿಷಿನ ‘ಡಿಸ್‌ಇಂಟರೆಸ್ಟೆಡ್’ ಪದವನ್ನು, ಅಂದರೆ ಸ್ವಂತ ಲಾಭನಷ್ಟ ಇಲ್ಲದವರು ಎನ್ನುವುದನ್ನು, ಹೀಗೆ ತಂದಿದ್ದಾರೆ. ಕನ್ನಡದಲ್ಲಿ ಓದಿದರೆ ಅರ್ಥ ತಲೆಕೆಳಗಾಗುತ್ತದೆ. ನಿರಾಸಕ್ತ ಅಂದರೆ ಕೆಲಸದಲ್ಲಿ ಮನಸ್ಸಿಲ್ಲದವನು, ಅಲ್ವಾ? ಅಂಥವನ ಕೈಗೆ ಯಾರಾದರೂ ಆಸ್ತಿ ಕೊಡುತ್ತಾರೆಯೇ?

ಶಿರಸಿ, ಸಾಗರದ ಕಡೆಯ ಅಡಿಕೆ ತೋಟವನ್ನೇ ನೋಡಿ. ಅಣ್ಣತಮ್ಮಂದಿರು ಪಾಲಿಗಾಗಿ ದಾವೆ ಹೂಡಿದ್ದಾರೆ ಅನ್ನೋಣ. ದಾವೆ ಮುಗಿಯುವವರೆಗೂ ಮಳೆ ಕಾಯುವುದಿಲ್ಲ. ಸಕಾಲಕ್ಕೆ ಬೋರ್ಡೋ ಔಷಧಿ ಹೊಡೆಸದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಕೊಯ್ಲಿನ ಹೊತ್ತಿಗೆ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರನ್ನು ಹಿಡಿಯಬೇಕು, ಇಲ್ಲವೇ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡಬೇಕು. ಬಂದ ದುಡ್ಡಿಗೆ ಕೋರ್ಟಿಗೆ ಲೆಕ್ಕ ಒಪ್ಪಿಸಬೇಕು. ರಿಸೀವರ್ ಬೇಕೆಂದೇ ಕೆಲಸ ತಪ್ಪಿಸಿ, ಅಥವಾ ತೀರಾ ಅಸಡ್ಡೆ ಮಾಡಿ ನಷ್ಟವಾದರೆ ಅವರೇ ಹೊಣೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ರಿಸೀವರ್ ಬಗ್ಗೆ ಇರುವ ಆರ್ಡರ್ 40, ಅದರ ರೂಲ್ 3 ಹಾಗೆ ಹೇಳುತ್ತದೆ. ರೂಲ್ 4ರ ಪ್ರಕಾರ ಅವರ ಸ್ವಂತ ಆಸ್ತಿಯನ್ನೇ ಕೋರ್ಟು ಜಪ್ತಿ ಮಾಡಬಹುದು, ಮಾರಬಹುದು. ಇಷ್ಟು ಆಸಕ್ತಿ ಕೇಳುವ ಕೆಲಸಕ್ಕೆ ನಿರಾಸಕ್ತ ಎನ್ನುವ ಪದ ಹೊಂದುವುದೇ ಇಲ್ಲ.

ಹಾಗಾದರೆ ಏನು ಬರೆಯಬೇಕು? ‘ನಿಷ್ಪಕ್ಷಪಾತಿ’ ಎಂದು ಕೆಲವರು ಸೂಚಿಸಿದರು. ಅದು ಸ್ವಭಾವದ ಮಾತು. ಒಬ್ಬರು ಎಷ್ಟೇ ನ್ಯಾಯವಂತರಾದರೂ ಅಣ್ಣನಿಗೆ ಅದೇ ತೋಟದ ಮೇಲೆ ಸಾಲ ಕೊಟ್ಟಿರಬಹುದು. ಆಗ ಫಸಲಿನ ದುಡ್ಡು ಎತ್ತ ಹೋಗುತ್ತದೆ ಎನ್ನುವುದರಲ್ಲಿ ಅವರಿಗೂ ಲಾಭನಷ್ಟ ಇದ್ದೇ ಇರುತ್ತದೆ. ‘ತಟಸ್ಥ’ ಅಂದರೆ ಸುಮ್ನೆ ದಡದಲ್ಲಿ ನಿಂತು ನೋಡುವವರು ಎನ್ನುವ ಛಾಯೆ ಬರುತ್ತದೆ. ‘ಹಿತಾಸಕ್ತಿ ಇಲ್ಲದ’ ಅರ್ಥಕ್ಕೆ ಸರಿ, ಆದರೆ ಪತ್ರಿಕೆಯ ಭಾಷೆ.

ನನಗೆ ಜಾಸ್ತಿ ಹಿಡಿಸಿರುವುದು ‘ಹಂಗು’. ‘ಎರಡೂ ಕಡೆಯ ಹಂಗಿಲ್ಲದವರು’ ಅಂದರೆ ಓದುಗರಿಗೆ ತಟ್ಟನೆ ತಿಳಿಯುತ್ತದೆ. ಒಂದೇ ಕೊರತೆ, ಹಂಗು ಮನುಷ್ಯರದ್ದು. ಆಸ್ತಿಯಲ್ಲೇ ಪಾಲಿರುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ರಿಸೀವರ್ ಆಗುವವರಿಗೆ ಸಾಮಾನ್ಯವಾಗಿ ಆ ಆಸ್ತಿಯಲ್ಲಿ ಪಾಲಾಗಲಿ ಲಾಭವಾಗಲಿ ಇರಬಾರದು, ಎರಡೂ ಕಡೆಯ ಹಂಗೂ ಇರಬಾರದು.’ ‘ಸಾಮಾನ್ಯವಾಗಿ’ ಎನ್ನುವುದನ್ನು ಬೇಕೆಂದೇ ಸೇರಿಸಿದೆ. ತಕ್ಕ ಕಾರಣವಿದ್ದರೆ ಕೋರ್ಟು ದಾವೆಯ ಪಕ್ಷಗಾರರನ್ನೇ ರಿಸೀವರ್ ಮಾಡುವುದೂ ಉಂಟು.

ಅದೇ ಅಧ್ಯಾಯದ ತಲೆಬರಹ ‘ರಿಸೀವರ್ ಆಗಲು ಅರ್ಹತೆಗಳು’. ಇದೂ ದಾರಿ ತಪ್ಪಿಸುತ್ತದೆ. ಅರ್ಹತೆ ಅಂದೊಡನೆ ಜನ ಡಿಗ್ರಿ, ವಯಸ್ಸು, ಅನುಭವ ಹುಡುಕುತ್ತಾರೆ. ಆರ್ಡರ್ 40ರಲ್ಲಿ ಅಂಥದ್ದೇನೂ ಇಲ್ಲ. ವಕೀಲರನ್ನು ನೇಮಿಸುವುದು ರೂಢಿ, ಆದರೆ ವಕೀಲರೇ ಆಗಬೇಕೆಂದು ಅಲ್ಲಿ ಬರೆದಿಲ್ಲ. ಅದು ಹೆಸರಿಸುವುದು ಕಲೆಕ್ಟರನ್ನು ಮಾತ್ರ. ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನಾದರೆ, ಅವರ ಒಪ್ಪಿಗೆ ಪಡೆದು ಅವರನ್ನೇ ನೇಮಿಸಬಹುದು ಎನ್ನುತ್ತದೆ ರೂಲ್ 5. 2016ರ ದಿವಾಳಿ ಸಂಹಿತೆಯಲ್ಲಿ ಬರುವ, ದಿವಾಳಿ ಪ್ರಕರಣ ನಡೆಸಿಕೊಡುವ ರೆಸಲ್ಯೂಷನ್ ಪ್ರೊಫೆಷನಲ್‌ಗಾದರೆ ಪರೀಕ್ಷೆ, ನೋಂದಣಿ ಎಲ್ಲ ಉಂಟು. ಅಲ್ಲಿ ‘ಅರ್ಹತೆ’ ಸರಿಯಾಗಿ ಕೂರುತ್ತದೆ. ಇಲ್ಲಿ ‘ಯಾರನ್ನು ನೇಮಿಸಬಹುದು’ ಎಂದಷ್ಟೇ ಹಾಕಿದ್ದೇನೆ.

ಇನ್ನೊಂದು ಸಣ್ಣದು. ‘ರಿಸೀವರ್ ಭದ್ರತೆ ಒದಗಿಸಬೇಕು’ ಎಂದಿತ್ತು. ತೋಟಕ್ಕೆ ಕಾವಲು ಹಾಕಿಸಬೇಕೇನೋ ಅನ್ನಿಸುತ್ತದೆ! ಕೋರ್ಟು ಕೇಳಿದಷ್ಟಕ್ಕೆ ‘ಜಾಮೀನು ಕೊಡಬೇಕು’ ಎಂದು ತಿದ್ದಿದೆ.

ಈಗ ನಿಮ್ಮನ್ನು ಕೇಳಬೇಕಿರುವುದು ಇದು. ಪಾಲು, ಲಾಭ, ಹಂಗು ಮೂರನ್ನೂ ಒಳಗೊಳ್ಳುವ ಒಂದೇ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಊರಿನ ಪಂಚಾಯಿತಿಕೆಗೆ ಹೊರಗಿನವರನ್ನು ಕರೆಯುವಾಗ ಅವರನ್ನು ಏನೆಂದು ಕರೆಯುತ್ತಾರೆ? ಕೋರ್ಟಿನಲ್ಲಿ ಕನ್ನಡದಲ್ಲೇ ಅರ್ಜಿ ಬರೆಯುವ ವಕೀಲರು ಇಲ್ಲಿದ್ದರೆ, ನೀವು ಬಳಸುವ ಸಾಲನ್ನು ಇದ್ದಂತೆಯೇ ಬರೆದು ಕಳಿಸಿ.