ಲಾ ಕಾಲೇಜಿನಲ್ಲಿ ಉಪನ್ಯಾಸ, ಹಳ್ಳಿಯಲ್ಲಿ ಕಾನೂನು ಅರಿವು ಶಿಬಿರ: ನಡೆಸಿದವರು ನಿಮ್ಮ ಅನುಭವ ಹೇಳ್ತೀರಾ?

ಕೇಳಿದವರು: ನಾಲ್ಕನೇ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಜಿಲ್ಲಾ ಕೇಂದ್ರವೊಂದರ ಲಾ ಕಾಲೇಜಿನಲ್ಲಿ ಓದುತ್ತಿದ್ದೇನೆ. ಈ ಸಲ ಕಾನೂನು ನೆರವು ಘಟಕದ ಜವಾಬ್ದಾರಿ ನಮ್ಮ ತಂಡಕ್ಕೆ ಬಂದಿದೆ. ನವೆಂಬರ್ 9ಕ್ಕೆ ಕಾನೂನು ಸೇವೆಗಳ ದಿನ, 26ಕ್ಕೆ ಸಂವಿಧಾನ ದಿನ. ನಡುವೆ ಹತ್ತಿರದ ಹಳ್ಳಿಯಲ್ಲಿ ಒಂದು ಅರಿವು ಶಿಬಿರ ಆಗಬೇಕು. ದುಡ್ಡು ಕಡಿಮೆ. ಮಧ್ಯಾಹ್ನ ಆದರೆ ನಮ್ಮವರು ಅರ್ಧಕ್ಕರ್ಧ ಬಸ್ಸಿಗೆ ಓಡುತ್ತಾರೆ. ಯಾರನ್ನು ಕರೆಯಬೇಕು, ಯಾವ ವಿಷಯ ಇಟ್ಟುಕೊಂಡರೆ ಜನಕ್ಕೆ ನಿಜವಾಗಿ ಉಪಯೋಗ ಆಗುತ್ತೆ, ತಿಳಿದವರು ದಯವಿಟ್ಟು ಹೇಳಿ.

ವಕೀಲೆ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲಿದ್ದವರು

ತಂಗಿ, ಯಾರನ್ನು ಕರೆಯೋದು ಅನ್ನೋದನ್ನು ಕೊನೆಗೆ ಇಟ್ಟುಕೊಳ್ಳಿ. ಶಿಬಿರಕ್ಕೆ ವಾರ ಇರುವಾಗಲೇ ನಿಮ್ಮಲ್ಲಿ ಇಬ್ಬರು ಮೂವರು ಆ ಊರಿಗೆ ಹೋಗಿ ಬನ್ನಿ. ಸಂಜೆ ಹಾಲಿನ ಡೇರಿ ಹತ್ತಿರ ನಿಂತುಕೊಳ್ಳಿ. ಸ್ತ್ರೀಶಕ್ತಿ ಸಂಘದ ಸಭೆ ಇದ್ದರೆ ಅಲ್ಲಿ ಕೂತು ಕೇಳಿ. ಊರಿಗೆ ಏನು ಬೇಕು ಅಂತ ಅಲ್ಲೇ ಗೊತ್ತಾಗುತ್ತೆ. ಪಹಣಿ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು), ಜೀವನಾಂಶ, ಚೆಕ್ ಬೌನ್ಸ್, ಇವು ಎಲ್ಲ ಕಡೆ ಇದ್ದದ್ದೇ. ಆದರೆ ನಾನು ಹೋದ ಊರುಗಳಲ್ಲೆಲ್ಲ ಎಲ್ಲಕ್ಕಿಂತ ಜಾಸ್ತಿ ಬಂದದ್ದು ಒಂದೇ ಪ್ರಶ್ನೆ: ಮದುವೆಯಾದ ಮಗಳಿಗೆ ಪಾಲು ಇದೆಯಾ?

ಒಂದು ಶಿಬಿರದಲ್ಲಿ 'ಮಹಿಳೆ ಮತ್ತು ಕಾನೂನು' ಅಂತ ದೊಡ್ಡ ಭಾಷಣ ನಡೆದಿತ್ತು. ಕೊನೇ ಸಾಲಿನಲ್ಲಿ ಒಬ್ಬ ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಜೆರಾಕ್ಸ್ ಇಟ್ಟುಕೊಂಡು ಪೂರ್ತಿ ಹೊತ್ತು ಕೂತಿದ್ದರು. ವಂದನಾರ್ಪಣೆ ಮುಗಿದ ಮೇಲೆ ಬಾಗಿಲಲ್ಲಿ ನನ್ನ ಕೈ ಹಿಡಿದು ಕೇಳಿದರು: "ಅಪ್ಪ 2001ರಲ್ಲಿ ಹೋದ್ರು. ಅಣ್ಣ ಹಕ್ಕು ಬಿಡುಗಡೆಗೆ ಸಹಿ ಹಾಕು ಅಂತಾನೆ. ಹಾಕ್ಲಾ ಬೇಡ್ವಾ?" ಅವರಿಗೆ ಬೇಕಿದ್ದದ್ದು ಅಷ್ಟೇ.

ನೋಡಿ, ಈ ಒಂದು ಪ್ರಶ್ನೆಯಲ್ಲಿ ಎಷ್ಟು ಕಾನೂನು ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಅದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕಿತ್ತಾ ಅನ್ನೋ ಗೊಂದಲ ಹದಿನೈದು ವರ್ಷ ಉಳಿಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಬೇಕಿಲ್ಲ' ಅಂದಿತು. ಹಾಗಂತ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಪಾಲುಪಟ್ಟಿ ಆಗಿ ಮುಗಿದಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ. ಇನ್ನು ಅಪ್ಪನ ಸ್ವಯಾರ್ಜಿತ ಆಸ್ತಿಯಾಗಿದ್ದು, ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ, 1956ರ ಮೂಲ ಕಾಯ್ದೆಯಲ್ಲೇ ಮಗಳಿಗೂ ಸಮಪಾಲು ಇತ್ತು.

ಇದನ್ನು ಊರಿನ ಭಾಷೆಯಲ್ಲಿ ಮುಕ್ಕಾಲು ಗಂಟೆ ಬಿಡಿಸಿ ಹೇಳುವವರು ಸಿಕ್ಕರೆ ಜನ ಎದ್ದು ಹೋಗಲ್ಲ. ಅಷ್ಟೇ ಹೊತ್ತು ಪ್ರಶ್ನೆಗಳಿಗೆ ಬಿಡಿ. ನೀವು ವಿದ್ಯಾರ್ಥಿಗಳು, ಕಾಗದ ನೋಡದೆ ಯಾರಿಗೂ "ನಿಮಗೆ ಪಾಲು ಬಂದೇ ಬರುತ್ತೆ" ಅನ್ನಬೇಡಿ. ಹೆಸರು, ಊರು, ತೊಂದರೆ ಬರೆದುಕೊಂಡು ಸಮಿತಿಗೆ ಅರ್ಜಿ ತುಂಬಿಸಿ ಕೊಡಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಈ ಮಾತು ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಸುಮ್ನೆ ಸಹಿ ಹಾಕಿಬಿಡುತ್ತಾರೆ. ನನಗೆ ಇದು ತುಂಬಾ ಸಂಕಟ ಕೊಡುವ ವಿಷಯ, ಅದಕ್ಕೇ ಇಷ್ಟುದ್ದ ಬರೆದೆ.

ಕಾನೂನು ಉಪನ್ಯಾಸಕರು

ವ್ಯವಸ್ಥೆ ಬಗ್ಗೆ ನಾನು ಹೇಳುತ್ತೇನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಪ್ರಾಂಶುಪಾಲರ ಮೂಲಕ ಪತ್ರ ಬರೆಯಿರಿ. ಅವರು ನ್ಯಾಯಾಧೀಶರೇ ಆಗಿರುತ್ತಾರೆ. ವಿಷಯಕ್ಕೆ ತಕ್ಕ ಪ್ಯಾನೆಲ್ ವಕೀಲರನ್ನು ಅವರೇ ಕಳಿಸುತ್ತಾರೆ, ಹಾಗಾಗಿ ದುಡ್ಡಿನ ಚಿಂತೆ ಮುಕ್ಕಾಲು ಪಾಲು ತಪ್ಪುತ್ತೆ. ದಿನ ಗೊತ್ತು ಮಾಡುವ ಮುಂಚೆ ರಾಷ್ಟ್ರೀಯ ಲೋಕ್ ಅದಾಲತ್ ಯಾವತ್ತಿದೆ ಅಂತ ಕೇಳಿಕೊಳ್ಳಿ. ಆ ದಿನ ನ್ಯಾಯಾಧೀಶರೂ ಸಿಗಲ್ಲ, ವಕೀಲರೂ ಸಿಗಲ್ಲ. ಆವತ್ತು ನಿಮ್ಮ ತರಗತಿಯನ್ನೇ ಕೋರ್ಟಿಗೆ ಕರೆದುಕೊಂಡು ಹೋಗೋದು ಒಳ್ಳೇದು. ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್, ಮೇಲ್ಮನವಿಯೂ ಇಲ್ಲ ಅಂತ ಪುಸ್ತಕದಲ್ಲಿ ಓದಿರುತ್ತಾರೆ. ಎರಡೂ ಕಡೆಯವರು ಮೇಜಿನ ಮುಂದೆ ಕೂತು ಒಪ್ಪಿಕೊಳ್ಳೋದನ್ನು ಕಣ್ಣಾರೆ ನೋಡಿದರೆ ಅದು ತಲೆಯಲ್ಲಿ ಉಳಿಯುತ್ತೆ.

ಕಾಲೇಜಿನ ಉಪನ್ಯಾಸವನ್ನು ಬೆಳಗ್ಗೆಯ ತರಗತಿ ವೇಳೆಯಲ್ಲೇ ಇಡಿ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ ನುಡಿ, ಎಲ್ಲ ಸೇರಿ ಹತ್ತು ನಿಮಿಷ ಮೀರಬಾರದು. ಇದನ್ನು ಹಿರಿಯರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಅಂತಿಮ ವರ್ಷದ ವಿದ್ಯಾರ್ಥಿ, ಬೆಂಗಳೂರು

ಸಂವಿಧಾನ ದಿನಕ್ಕೆ ಪೀಠಿಕೆ ಓದಿ, ಭಾಷಣ ಕೇಳಿ ಮನೆಗೆ ಹೋಗೋದು ಎಲ್ಲ ಕಡೆ ಇದೆ. ನಮ್ಮ ಕಾಲೇಜಿನಲ್ಲಿ ಸಂವಿಧಾನ ಸಭೆಯ ಚರ್ಚೆಗಳನ್ನು ನಾವೇ ಜೋರಾಗಿ ಓದಿದೆವು. ನಡಾವಳಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತೆ. ಕೆಂಗಲ್ ಹನುಮಂತಯ್ಯನವರು ಆ ಸಭೆಯಲ್ಲಿದ್ದರು. ನಮಗೆ ಬೇಕಿದ್ದದ್ದು ವೀಣೆಯ, ಸಿತಾರಿನ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡ್ ಸಂಗೀತ ಅಂತ ಕರಡಿನ ಬಗ್ಗೆ ಅವರು ಬೇಸರ ಹೇಳಿಕೊಂಡಿದ್ದರು. ಒಬ್ಬರು ಆ ಮಾತು ಓದಿದರು, ಇನ್ನೊಬ್ಬರು 1949ರ ನವೆಂಬರ್ 25ರ ಅಂಬೇಡ್ಕರ್ ಭಾಷಣ ಓದಿದರು. ಆಮೇಲೆ ಸಭಾಂಗಣದಲ್ಲಿ ವಾದ ಶುರುವಾಯಿತು ನೋಡಿ, ನಿಲ್ಲಿಸೋದೇ ಕಷ್ಟವಾಯಿತು! ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ಮಂಗಳೂರಿನವರು ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಆವತ್ತೇ ಗೊತ್ತಾಗಿದ್ದು. ಖರ್ಚು ಬರೀ ಜೆರಾಕ್ಸಿನದು.

ಕಾನೂನು ಸ್ವಯಂಸೇವಕರು, ಗ್ರಾಮ ಪಂಚಾಯಿತಿ ಮಟ್ಟ

ನಾನು ಊರಿನ ಕಡೆಯಿಂದ ಹೇಳ್ತೀನಮ್ಮ. ನವೆಂಬರಿನಲ್ಲಿ ಭತ್ತ, ರಾಗಿ ಕೊಯ್ಲು. ಬೆಳಗ್ಗೆ ಹನ್ನೊಂದಕ್ಕೆ ಬಂದರೆ ನಿಮಗೆ ಸಿಗೋದು ಶಾಲೆ ಮಕ್ಕಳು ಮಾತ್ರ. ಸಂಜೆ ಹಾಲು ಹಾಕಿದ ಮೇಲೆ ಇಟ್ಟುಕೊಳ್ಳಿ. ಬಂದ ವಕೀಲರು ಕಾರ್ಡ್ ಹಂಚೋದು ಬೇಡ. ಕಕ್ಷಿದಾರರನ್ನು ಹೀಗೆ ಹುಡುಕಿಕೊಳ್ಳೋದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷೇಧ ಇದೆ, ಜನಕ್ಕೂ ಅನುಮಾನ ಬರುತ್ತೆ. ಕಾನೂನು ನೆರವಿನ 15100 ಸಹಾಯವಾಣಿ ನಂಬರನ್ನು ಪಂಚಾಯಿತಿ ಗೋಡೆ ಮೇಲೆ, ಅಂಗನವಾಡಿ ಬಾಗಿಲ ಮೇಲೆ ಬರೆಸಿ. ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಬರಲಿಲ್ಲ ಅನ್ನೋ ನೋವು ಊರಲ್ಲಿದೆ. ತಿಂಗಳಾದ ಮೇಲೆ ಒಬ್ಬರಾದರೂ ಬಂದು, ಕೊಟ್ಟ ಅರ್ಜಿ ಏನಾಯಿತು ಅಂತ ಹೇಳಿ ಹೋಗಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಿಬಿರವನ್ನು ಸಂಜೆಗೆ ಬದಲಾಯಿಸಿದ್ದೇವೆ, ಮುಂದಿನ ವಾರ ಊರಿಗೆ ಹೋಗಿ ಬರುತ್ತೇವೆ. ಇನ್ನೊಂದೇ ಪ್ರಶ್ನೆ. ಆಗಲೇ ವಕೀಲರನ್ನು ಇಟ್ಟುಕೊಂಡು ಕೇಸು ನಡೆಸುತ್ತಿರುವವರು ಬಂದು ಕೇಳಿದರೆ?

ವಕೀಲೆ

ಆ ವಕೀಲರ ಬಗ್ಗೆ ಏನೂ ಹೇಳೋಕೆ ಹೋಗಬೇಡಿ, ತಂಗಿ. ಕೇಸ್ ನಂಬರ್ ಇದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ, ಮುಂದಿನ ದಿನಾಂಕ ಯಾವತ್ತು, ಕೇಸು ಯಾವ ಹಂತದಲ್ಲಿದೆ ಅಂತ ತೋರಿಸಿ. ಎಷ್ಟೋ ಜನಕ್ಕೆ ತಮ್ಮ ಕೇಸಿನ ನಂಬರೇ ಗೊತ್ತಿರಲ್ಲ. ಅದನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.