ನಿಂಬೆಹಣ್ಣಿನ ಗಾತ್ರದ ಪೇಸ್ಟು

"ಹುಳಿ ಎಷ್ಟು ಹಾಕಿದೆ?" ಸಾರನ್ನು ಸೊರ್ ಎಂದು ಎಳೆದು, ಒಂದು ಕಣ್ಣು ಮುಚ್ಚಿಕೊಂಡೇ ನಾಣಿ ಕೇಳಿದ.

"ಒಂದು ಚಮಚ ಹುಣಸೆ ಪೇಸ್ಟು," ಎಂದ ಸುಬ್ಬು. "ನೆನೆಹಾಕೋದಿಲ್ಲ, ಕಿವುಚೋದಿಲ್ಲ, ಸೋಸೋದಿಲ್ಲ. ಬಾಟಲಿ ತೆಗಿ, ಹಾಕು, ಮುಚ್ಚು."

"ಯಾವ ಚಮಚ?"

"ಚಮಚ ಅಂದ್ರೆ ಚಮಚ ಕಣೋ!"

"ನಮ್ಮನೇಲಿ ಒಂದು ಚಮಚದಲ್ಲಿ ಮಗುವಿಗೆ ಔಷಧಿ ಕುಡಿಸಬಹುದು, ಇನ್ನೊಂದರಲ್ಲಿ ಗೋಡೆಗೆ ಸಿಮೆಂಟು ಬಳೀಬಹುದು. ಪೇಸ್ಟೂ ಹಾಗೇ. ಒಂದು ಬಾಟಲೀಲಿ ನೀರು ನೀರು, ಇನ್ನೊಂದರಲ್ಲಿ ಬತ್ತಿಸಿ ಬತ್ತಿಸಿ ಡಾಂಬರು. ಮೇಲೆ ಉಪ್ಪು ಬೇರೆ. ಹಿಂದೆ ಈ ರಗಳೆ ಇತ್ತಾ? ಸಾರಿಗೆ ಅಡಿಕೆ ಗಾತ್ರ, ಗೊಜ್ಜಿಗೆ ನಿಂಬೆಹಣ್ಣಿನ ಗಾತ್ರ. ಮುಗೀತು."

ಪದ್ಮಕ್ಕ ಬಿಡಲಿಲ್ಲ. "ಯಾವ ನಿಂಬೆಹಣ್ಣು? ಒಂದೊಂದು ಗೋಲಿಯಷ್ಟಿರುತ್ತೆ, ಒಂದೊಂದು ಮೂಸಂಬಿಯಷ್ಟು."

"ಅದಕ್ಕೇ ಅಕ್ಕ ಕೈ ಅಂತ ಇರೋದು. ಹೊಸ ಹುಣಸೆ ಕೆಂಚಗಿರುತ್ತೆ, ಹಳೇದು ಕಪ್ಪಗೆ. ನೋಡಿ, ಮುಟ್ಟಿ ಚಿವುಟೋದು. ಎಲ್ಲಿ, ನಿಂಬೆಹಣ್ಣಿನ ಗಾತ್ರದ ಪೇಸ್ಟು ಉಂಡೆ ಮಾಡು ಸುಬ್ಬು, ನೋಡೋಣ."

ಸೀನ ಮೊಬೈಲಿನಿಂದ ತಲೆ ಎತ್ತಿದ. "ಸುಮ್ನೆ ಸಂಪ್ರದಾಯ ಅಂತ ಕೂಗಾಡಬೇಡ. ಹುಣಸೆ ಮರದ ಮೂಲವೇ ಆಫ್ರಿಕಾ. 1753ರಲ್ಲಿ ಲಿನ್ನೇಯಸ್ ಅನ್ನೋ ಸಸ್ಯವಿಜ್ಞಾನಿ 'ಇಂಡಿಕಾ', ಅಂದ್ರೆ ಭಾರತದ್ದು, ಅಂತ ಹೆಸರಿಟ್ಟುಬಿಟ್ಟ, ನಾವು ನಮ್ಮದೇ ಅಂದ್ಕೊಂಡ್ವಿ."

"ಬರಲಿ ಬಿಡೋ. ಬರೋವಾಗ ಬೀಜದ ಸಮೇತ ಬಂತಲ್ಲ? ಪೇಸ್ಟಾಗಿ ಬಂದಿದ್ರೆ ಇಲ್ಲಿ ಒಂದು ಮರ ಹುಟ್ಟುತ್ತಿತ್ತಾ?"

ಪದ್ಮಕ್ಕ ತಟ್ಟೆಯ ಬೇಳೆಯನ್ನು ಬೆರಳಲ್ಲಿ ಒತ್ತಿದಳು. ಅದು ಜಾರಿ ಆಚೆ ಹೋಯಿತು. "ಬೇಳೆ ಯಾಕೋ ಹೀಗಿದೆ?"

"ಎಲ್ಲಾ ಒಟ್ಟಿಗೆ ಕುಕ್ಕರಿಗೆ ಹಾಕಿದೆ. ಟೈಮ್ ಉಳೀತು."

"ಹುಳಿ ಬಿದ್ದಮೇಲೆ ಬೇಳೆ ಎಲ್ಲಿ ಬೇಯುತ್ತೋ! ತರಕಾರೀನೂ ಬೇಗ ಮೆತ್ತಗಾಗಲ್ಲ. ಹಣ್ಣಾದರೆ ಅದು ನೆನೆಯೋ ಹೊತ್ತಿಗೆ ಬೇಳೆ ಬೆಂದಿರುತ್ತೆ."

"ಉಳಿದ ಟೈಮಲ್ಲಿ ಅಗೀಬಹುದಲ್ಲ ಅಕ್ಕ," ಎಂದ ನಾಣಿ.

"ನಿನ್ನ ಹತ್ತಿರ ವಾದ ಮಾಡೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ!" ಸುಬ್ಬು ರೇಗಿದ.

"ಅದಕ್ಕೂ ಹಣ್ಣೇ ಬೇಕಲ್ಲಪ್ಪ."

ಎಲ್ಲರೂ ನಕ್ಕರು. ನಾಣಿ ನಗುತ್ತಲೇ ಶುರುಮಾಡಿದ. "ನಮ್ಮಜ್ಜಿಗೆ ಕೊನೆಕೊನೆಗೆ ಕಣ್ಣು ಕಾಣ್ತಿರಲಿಲ್ಲ. ಒಲೆ ಹತ್ತಿರ ಬಿಡ್ತಿರಲಿಲ್ಲ. ಹುಣಸೆ ಬಟ್ಟಲು ಮಾತ್ರ ಅವಳದೇ. ನಾರು ಒಂದು ಕಡೆ, ಬೀಜ ಒಂದು ಕಡೆ. ಬೀಜ ನಮಗೆ. ಒಂದು ಮಗ್ಗುಲನ್ನ ಬೆಳ್ಳಗಾಗೋವರೆಗೂ ಕಲ್ಲಿಗೆ ಉಜ್ಜಿ ಚೌಕಾಬಾರ ಆಡ್ತಿದ್ವಿ. ಗರ ಬಿದ್ದರೆ ಬೆರಳಾಡಿಸಿ ನೋಡೋಳು. ನುಣ್ಣಗಿದ್ದರೆ ಕಪ್ಪು, ತರಿತರಿಯಾಗಿದ್ದರೆ ಬಿಳಿ. ಕಣ್ಣಿದ್ದೋರಿಗಿಂತ ಬೇಗ ನಮ್ಮ ಮೋಸ ಹಿಡೀತಿದ್ಳು. ಅವಳು ಹೋದಮೇಲೆ ಆ ಬಟ್ಟಲು ನಮ್ಮಮ್ಮನಿಗೆ ಬಂತು, ಆಟ ಆಡೋಕೆ ಯಾರೂ ಇರಲಿಲ್ಲ."

"ಈಗ ಅದಕ್ಕೂ ಆಪ್ ಇದೆ," ಎಂದ ಸೀನ. ಪದ್ಮಕ್ಕ ಅವನ ತಲೆಗೆ ಮೊಟಕಿದಳು.

"ಆಯ್ತಪ್ಪ," ಎಂದ ಸುಬ್ಬು, ಮೆತ್ತಗಾಗಿ. "ನಾಳೆಯಿಂದ ಹಣ್ಣೇ ತರ್ತೀನಿ. ಕಿವುಚೋರು ಯಾರು?"

ಮೂವರೂ ನಾಣಿಯ ಕಡೆ ತಿರುಗಿದರು. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಇನ್ನೂ ಅರ್ಧ ಇದೆಯಲ್ಲೋ. ದುಡ್ಡು ಕೊಟ್ಟು ತಂದದ್ದು, ಯಾಕೆ ಸುಮ್ನೆ ಬಿಸಾಡೋದು."