ದಿನಾಂಕ ಮೀರಿ ನಾಲ್ಕು ವರ್ಷವಾದ ಚಹಾಪುಡಿಯನ್ನು ಬಳಸಬಹುದೇ?

ಪ್ರಶ್ನೆ:
ಅಡುಗೆಮನೆಯ ಕಪಾಟನ್ನು ಒಪ್ಪ ಮಾಡುವಾಗ ಮೂರು ಬಗೆಯ ಚಹಾ ಸಿಕ್ಕಿತು. ಮೊದಲನೆಯದು ಸೀಲು ಒಡೆಯದ ಕಪ್ಪು ಚಹಾ, ಎರಡನೆಯದು ಅರ್ಧ ಬಳಸಿ ಬಾಯಿ ಮಡಚಿಟ್ಟಿದ್ದ ಹಸಿರು ಚಹಾ, ಮೂರನೆಯದು ಒಣಹಣ್ಣಿನ ಚೂರು ಮತ್ತು ಕಿತ್ತಳೆ ಸಿಪ್ಪೆ ಬೆರೆಸಿದ ಚಹಾ. ಮೂರರ ಮೇಲೂ ಮುದ್ರಿಸಿರುವ ದಿನಾಂಕ ಕಳೆದು ನಾಲ್ಕು ವರ್ಷಗಳಾಗಿವೆ. ಮನೆಯಲ್ಲಿ ವಯಸ್ಸಾದ ತಾಯಿ ಇರುವುದರಿಂದ ಅಂದಾಜಿನ ಮೇಲೆ ಬಳಸಲು ಧೈರ್ಯ ಬರುತ್ತಿಲ್ಲ. ಹೇಗೂ ನೀರನ್ನು ಕುದಿಸುತ್ತೇವೆ, ಆದ್ದರಿಂದ ಏನೂ ಆಗುವುದಿಲ್ಲ ಎಂಬ ಮಾತು ಸರಿಯೇ?

ಉತ್ತರ 1:
ಚಹಾದ ಪೊಟ್ಟಣದ ಮೇಲಿರುವುದು ಸಾಮಾನ್ಯವಾಗಿ ‘ಈ ದಿನಾಂಕದೊಳಗೆ ಬಳಸಿದರೆ ಉತ್ತಮ’ ಎಂಬ ಅರ್ಥದ ದಿನಾಂಕ. ಅದು ರುಚಿ ಮತ್ತು ಪರಿಮಳದ ಬಗ್ಗೆ ತಯಾರಕರು ಕೊಡುವ ಭರವಸೆಯೇ ಹೊರತು, ಮರುದಿನದಿಂದ ಪದಾರ್ಥ ವಿಷವಾಗುತ್ತದೆ ಎಂಬ ಎಚ್ಚರಿಕೆಯಲ್ಲ. ಬೇಗ ಕೆಡುವ ಮಾಂಸದಂತಹ ಪದಾರ್ಥಗಳ ಮೇಲಿನ ಗಡುವು ಬೇರೆಯೇ ಬಗೆಯದು. ಎಲೆಯನ್ನು ಸಂಸ್ಕರಿಸುವ ಕೊನೆಯ ಹಂತದಲ್ಲಿ ಬಿಸಿಗಾಳಿಯಿಂದ ಒಣಗಿಸಿ ತೇವಾಂಶವನ್ನು ಶೇಕಡಾ 3ರ ಆಸುಪಾಸಿಗೆ ಇಳಿಸುತ್ತಾರೆ. ಅಷ್ಟು ಒಣಗಿದ ಎಲೆಯಲ್ಲಿ ಬ್ಯಾಕ್ಟೀರಿಯಾವಾಗಲಿ ಬೂಷ್ಟಾಗಲಿ ಬೆಳೆಯಲಾರದು. ವರ್ಷಗಳು ಕಳೆದಂತೆ ಸುವಾಸನೆಯ ತೈಲಾಂಶಗಳು ಹಾರಿಹೋಗುತ್ತವೆ, ಚಹಾಕ್ಕೆ ಒಗರು ರುಚಿ ಕೊಡುವ ಕ್ಯಾಟೆಚಿನ್‌ಗಳು ಆಮ್ಲಜನಕದೊಡನೆ ಬೆರೆತು ಕಡಿಮೆಯಾಗುತ್ತವೆ. ಕೆಫೀನ್ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಿಮ್ಮ ಕಪ್ಪು ಚಹಾ ಸಪ್ಪೆಯಾಗಿರಬಹುದು, ಆದರೆ ಪೊಟ್ಟಣ ಎಲ್ಲಿಯೂ ತೂತಾಗಿರದೆ ಒಳಗಿನ ಪುಡಿ ಒಣಗಿದ್ದರೆ ಅದನ್ನು ಕುಡಿಯಲು ಅಂಜಬೇಕಾಗಿಲ್ಲ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅದೆಲ್ಲವೂ ‘ಒಣಗಿದ್ದರೆ’ ಎಂಬ ಒಂದು ಪದದ ಮೇಲೆ ನಿಂತಿದೆ. ಚಹಾ ಎಲೆ ಗಾಳಿಯಲ್ಲಿರುವ ತೇವವನ್ನು ಬಹಳ ಸುಲಭವಾಗಿ ಹೀರಿಕೊಳ್ಳುತ್ತದೆ. ಒಲೆಯ ಹತ್ತಿರದ ಕಪಾಟಿನಲ್ಲಿ, ಬಾಯಿ ಸರಿಯಾಗಿ ಮುಚ್ಚದ ಪೊಟ್ಟಣದಲ್ಲಿ, ನಾಲ್ಕು ವರ್ಷವೆಂದರೆ ಸಣ್ಣ ಅವಧಿಯಲ್ಲ. ಕುದಿಸಿದರೆ ಸಾಕು ಎಂಬ ನಂಬಿಕೆ ನನಗೆ ಹೆಚ್ಚು ಆತಂಕ ತರುತ್ತದೆ. ಕುದಿಯುವ ನೀರು ಬೂಷ್ಟನ್ನು ಸಾಯಿಸುತ್ತದೆ ನಿಜ. ಆದರೆ ಕೆಲವು ಬೂಷ್ಟುಗಳು ಬೆಳೆಯುವಾಗ ಉತ್ಪಾದಿಸುವ ಅಫ್ಲಾಟಾಕ್ಸಿನ್‌ನಂತಹ ವಿಷಗಳು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ನಾಶವಾಗುವುದಿಲ್ಲ, ಸೋಸಿದರೂ ಹೋಗುವುದಿಲ್ಲ. ಬೂಷ್ಟು ಕಂಡ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವುದೂ ಸರಿಯಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುವಷ್ಟಕ್ಕೇ ಸೀಮಿತವಾಗಿರುವುದಿಲ್ಲ.

ಹಣ್ಣು ಬೆರೆಸಿದ ಚಹಾವನ್ನು ಪರೀಕ್ಷಿಸುವ ಗೋಜಿಗೂ ಹೋಗದೆ ಎಸೆಯಿರಿ. ಒಣಹಣ್ಣಿನಲ್ಲಿ ಎಲೆಗಿಂತ ಹೆಚ್ಚು ತೇವವೂ ಸಕ್ಕರೆಯೂ ಇರುತ್ತವೆ, ಸಿಪ್ಪೆಯ ಎಣ್ಣೆಯಂಶ ಹಳತಾಗಿ ಕಮಟುತ್ತದೆ. ಹಾಲಿನ ಪುಡಿ ಸೇರಿದ ಸಿದ್ಧ ಮಿಶ್ರಣಗಳಿದ್ದರೆ ಅವಕ್ಕೂ ಇದೇ ಮಾತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡೂ ಪೊಟ್ಟಣಗಳನ್ನು ಬಿಳಿ ತಟ್ಟೆಯ ಮೇಲೆ ಸುರುವಿ ನೋಡಿದೆ. ಕಪ್ಪು ಚಹಾ ಉದುರುದುರಾಗಿದೆ, ಎಲೆಯನ್ನು ಒತ್ತಿದರೆ ಪಟ್ಟನೆ ಮುರಿಯುತ್ತದೆ, ಪರಿಮಳ ಮಾತ್ರ ಕಡಿಮೆ. ಹಸಿರು ಚಹಾ ಕಂದುಬಣ್ಣಕ್ಕೆ ತಿರುಗಿದೆ. ಬೂಷ್ಟು ಕಾಣುತ್ತಿಲ್ಲವಾದರೂ ಎಲೆಗಳು ಮೆತ್ತಗಾಗಿ ಮುಗ್ಗಲು ವಾಸನೆ ಬರುತ್ತಿದೆ. ಕೆಲವು ಚಹಾಗಳನ್ನು ವರ್ಷಗಟ್ಟಲೆ ಹಳತು ಮಾಡಿಯೇ ಕುಡಿಯುತ್ತಾರೆ ಎಂದು ಓದಿದ್ದೆ. ಇದೂ ಹಾಗೆಯೇ ಇರಬಹುದೇ?

ಉತ್ತರ 1:
ಇಲ್ಲ. ನೀವು ಓದಿದ್ದು ಬಹುಶಃ ಚೀನಾದ ಯುನ್ನಾನ್ ಪ್ರಾಂತ್ಯದ ಪೂ-ಅರ್ ಚಹಾದ ಬಗ್ಗೆ ಇರಬೇಕು. ಅದನ್ನು ಹಳತಾಗಿಸುವ ಉದ್ದೇಶದಿಂದಲೇ ತಯಾರಿಸಿ, ಗಾಳಿ ಮತ್ತು ತೇವವನ್ನು ಗಮನಿಸುತ್ತ ದಾಸ್ತಾನು ಮಾಡುತ್ತಾರೆ. ಅದರಲ್ಲಿಯೂ ಬೂಷ್ಟು ಹಿಡಿದದ್ದು ಕೆಟ್ಟ ಸರಕೇ. ಹಸಿರು ಚಹಾ ಇದಕ್ಕೆ ತದ್ವಿರುದ್ಧ ಸ್ವಭಾವದ್ದು, ಹೊಸದಾಗಿದ್ದಾಗಲೇ ಅದರ ಸೊಗಸು. ಬಣ್ಣ ಕಂದಾಗುವುದು ಬರಿಯ ಹಳತನದ ಗುರುತಾಗಿರಬಹುದಿತ್ತು, ಆದರೆ ಎಲೆ ಮೆತ್ತಗಾಗಿರುವುದೂ ಮುಗ್ಗಲು ವಾಸನೆಯೂ ಒಳಗೆ ತೇವ ಸೇರಿದೆ ಎಂಬುದನ್ನೇ ಹೇಳುತ್ತವೆ. ತಾಯಿಯವರಿಗೆ ಮಾತ್ರವಲ್ಲ, ಯಾರಿಗೂ ಅದನ್ನು ಕೊಡಬೇಡಿ. ಕಪ್ಪು ಚಹಾವನ್ನು ಬೆಳಕು ತೂರದ, ಬಿಗಿಯಾದ ಮುಚ್ಚಳದ ಡಬ್ಬಿಗೆ ತುಂಬಿ ಮಸಾಲೆ ಪದಾರ್ಥಗಳಿಂದ ದೂರವಿಡಿ. ಕಡುಪು ಕಡಿಮೆ ಅನಿಸಿದರೆ ಪುಡಿಯನ್ನು ತುಸು ಹೆಚ್ಚು ಹಾಕಿಕೊಳ್ಳಿ.